ಶ್ರೀಮಂತ ದೇಶಗಳ ಪರಿಸರ ನಿಯಮಗಳು ಮತ್ತು ಮಲೆನಾಡಿನ ಬೆಳೆಗಾರ

ಶಿರಾಳಕೊಪ್ಪ ಆಡಳಿತಕ್ಕೆ ಶಿಕಾರಿಪುರ ತಾಲೂಕಿನ ಊರು. ಆದರೆ ಸೊರಬದ ಅನೇಕ ಹಳ್ಳಿಗಳಿಗೂ ಪೇಟೆ ಎಂದರೆ ಅದೇ. ಭತ್ತ, ಮೆಕ್ಕೆಜೋಳ, ಅಡಿಕೆ, ಶುಂಠಿ ಈ ಭಾಗದಿಂದ ಲಾರಿ ಹತ್ತಿ ಹೋಗುತ್ತವೆ. ಹೋದ ಸರಕು ಕೊನೆಗೆ ಯಾವ ಊರಿನಲ್ಲಿ ಇಳಿಯಿತು ಎಂಬುದು ಬೆಳೆದವನಿಗೆ ಸಾಮಾನ್ಯವಾಗಿ ತಿಳಿಯುವುದಿಲ್ಲ. ತಿಳಿಯಬೇಕಾದ ಅಗತ್ಯವೂ ಇರಲಿಲ್ಲ. ತೂಕ, ತೇವಾಂಶ, ದರ ಈ ಮೂರು ಗೊತ್ತಾದರೆ ವ್ಯಾಪಾರ ಮುಗಿಯುತ್ತಿತ್ತು. ಈಗ ಸರಕು ಕೊಳ್ಳುವ ದೂರದ ದೇಶದವರು ಅದು ಹೊರಟ ಹೊಲದ ಬಗ್ಗೆ ಪ್ರಶ್ನೆ ಕೇಳತೊಡಗಿದ್ದಾರೆ. ಯಾವ ಜಾಗದಲ್ಲಿ ಬೆಳೆದದ್ದು? ಅಲ್ಲಿ ಮೊದಲು ಕಾಡಿತ್ತೇ? ಯಾವ ಔಷಧ ಹೊಡೆದಿರಿ? ಕಬ್ಬಿಣ ಕರಗಿಸಲು ಎಷ್ಟು ಕಲ್ಲಿದ್ದಲು ಸುಟ್ಟಿರಿ? ಉತ್ತರಕ್ಕೆ ದಾಖಲೆ ಇಲ್ಲದಿದ್ದರೆ ಸರಕು ಬೇಡ, ಅಥವಾ ಅದರ ಮೇಲೆ ಹೆಚ್ಚಿನ ಶುಲ್ಕ.

ವ್ಯಾಪಾರಕ್ಕೆ ತಡೆಗಟ್ಟೆ ಈ ಸೀಮೆಗೆ ಹೊಸದಲ್ಲ. ಶಿರಾಳಕೊಪ್ಪದ ಮಗ್ಗುಲಲ್ಲೇ ಇರುವ ಬಳ್ಳಿಗಾವೆ ಬನವಾಸಿ ಹನ್ನೆರಡು ಸಾವಿರ ನಾಡಿನ ದೊಡ್ಡ ಪಟ್ಟಣವಾಗಿತ್ತು. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಈ ನಾಡಿನ ಶಾಸನಗಳಲ್ಲಿ ಹೆಜ್ಜುಂಕ, ವಡ್ಡರಾವುಳ ಎಂಬ ಸುಂಕಗಳ ಹೆಸರು ಮತ್ತೆ ಮತ್ತೆ ಬರುತ್ತದೆ. ಸುಂಕದ ಆದಾಯದಲ್ಲಿ ಒಂದು ಪಾಲನ್ನು ದೇವಾಲಯಕ್ಕೋ ಬಸದಿಗೋ ಬಿಟ್ಟುಕೊಟ್ಟ ಉಲ್ಲೇಖಗಳೂ ಇವೆ. ಆ ಸುಂಕದವನು ಎಣಿಸುತ್ತಿದ್ದುದು ಎತ್ತಿನ ಹೇರನ್ನು. ಮೆಣಸು ಎಷ್ಟು ಹೇರು, ಅಡಿಕೆ ಎಷ್ಟು ಹೇರು ಎಂದು ನೋಡುತ್ತಿದ್ದನೇ ಹೊರತು ಆ ಮೆಣಸಿನ ಬಳ್ಳಿ ಯಾವ ಮರಕ್ಕೆ ಹಬ್ಬಿತ್ತು ಎಂದು ಕೇಳುತ್ತಿರಲಿಲ್ಲ. ಹೇರನ್ನು ಬಿಟ್ಟು ಅದು ತಯಾರಾದ ಬಗೆಯನ್ನು ಎಣಿಸುವುದು ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಬೇರೂರಿದ ಪದ್ಧತಿ.

ತಕರಾರು ಶುರುವಾದದ್ದು ಸಿಗಡಿಯಿಂದ

1947ರ ಗ್ಯಾಟ್ ಒಪ್ಪಂದದ ಮೂಲ ನಿಯಮ ಸರಳ. ಒಂದೇ ಬಗೆಯ ಎರಡು ಸರಕುಗಳು ಎರಡು ದೇಶಗಳಿಂದ ಬಂದರೆ ಅವುಗಳ ನಡುವೆ ಭೇದ ಮಾಡಬಾರದು. ಅದೇ ಒಪ್ಪಂದದ 20ನೆಯ ವಿಧಿ ಕೆಲವು ವಿನಾಯಿತಿ ಕೊಟ್ಟಿತು: ಮನುಷ್ಯ, ಪ್ರಾಣಿ, ಸಸ್ಯಗಳ ಜೀವರಕ್ಷಣೆಗೆ, ಮುಗಿದುಹೋಗುವ ನೈಸರ್ಗಿಕ ಸಂಪತ್ತಿನ ಉಳಿವಿಗೆ ಬೇಕಾದ ಕ್ರಮಗಳನ್ನು ದೇಶಗಳು ಕೈಗೊಳ್ಳಬಹುದು. ಈ ವಿನಾಯಿತಿ ಎಲ್ಲಿಯವರೆಗೆ ಹೋಗುತ್ತದೆ? ನನ್ನ ದೇಶದ ಕಾಡನ್ನು ಉಳಿಸಲು ನಾನು ನಿಯಮ ಮಾಡುವುದು ಒಂದು, ನಿನ್ನ ದೇಶದ ಕಾಡನ್ನು ಉಳಿಸಲು ನಾನು ನಿಯಮ ಮಾಡುವುದು ಇನ್ನೊಂದು.

ಈ ಪ್ರಶ್ನೆಯನ್ನು ವಿಶ್ವ ವ್ಯಾಪಾರ ಸಂಸ್ಥೆಯ ಮುಂದೆ ಒಯ್ದವರಲ್ಲಿ ಭಾರತವೂ ಇತ್ತು. ಸಿಗಡಿ ಹಿಡಿಯುವ ಬಲೆಗೆ ಕಡಲಾಮೆ ಸಿಕ್ಕಿ ಸಾಯುತ್ತದೆ, ಆಮೆ ತಪ್ಪಿಸಿಕೊಳ್ಳುವ ಸಾಧನ ಬಲೆಯಲ್ಲಿಲ್ಲದ ದೇಶಗಳ ಸಿಗಡಿ ಬೇಡ ಎಂದು ಅಮೆರಿಕ ಹೇಳಿತ್ತು. ಭಾರತ, ಮಲೇಷಿಯಾ, ಪಾಕಿಸ್ತಾನ, ಥಾಯ್ಲೆಂಡ್ ದೂರು ಕೊಟ್ಟವು. 1998ರ ಅಕ್ಟೋಬರಿನಲ್ಲಿ ಮೇಲ್ಮನವಿ ಪೀಠ ಕೊಟ್ಟ ತೀರ್ಪಿಗೆ ಎರಡು ಮುಖ. ಅಮೆರಿಕ ನಿಯಮವನ್ನು ಅನ್ವಯಿಸಿದ ರೀತಿ ಪಕ್ಷಪಾತದ್ದು ಎಂದು ಹೇಳಿ ದೂರುದಾರರನ್ನು ಗೆಲ್ಲಿಸಿತು. ಆದರೆ ಪರದೇಶದಲ್ಲಿ ಸರಕು ತಯಾರಾಗುವ ಬಗೆಯನ್ನು ನೋಡಿ ಆಮದು ತಡೆಯುವುದೇ ತಪ್ಪು ಎಂದು ಹೇಳಲಿಲ್ಲ. ಅಮೆರಿಕ ತನ್ನ ಕ್ರಮವನ್ನು ತಿದ್ದಿಕೊಂಡಿತು; ಮಲೇಷಿಯಾ ಮತ್ತೆ ದೂರಿದಾಗ 2001ರಲ್ಲಿ ಅದು ಸೋತಿತು. ಇಂದಿನ ಐರೋಪ್ಯ ಕಾನೂನುಗಳು ಒಳಗೆ ಬಂದದ್ದು ಅಂದು ತೆರೆದುಬಿಟ್ಟ ಈ ಬಾಗಿಲಿನಿಂದಲೇ. ಭಾರತದ ಕಡಲಿನಲ್ಲಿ ಹಿಡಿದ ಸಿಗಡಿಗೆ ಅಮೆರಿಕದ ಮಾರುಕಟ್ಟೆ ಈಚಿನ ವರ್ಷಗಳಲ್ಲಿ ಮತ್ತೆ ಮುಚ್ಚಿದ್ದೂ ಇದೇ ಆಮೆಯ ಕಾರಣದಿಂದ.

ಇನ್ನೊಂದು ಸಂಗತಿ ಇಲ್ಲೇ ಹೇಳಿಬಿಡಬೇಕು. ಆ ಮೇಲ್ಮನವಿ ಪೀಠ 2019ರ ಡಿಸೆಂಬರಿನಿಂದ ಕೆಲಸ ಮಾಡುತ್ತಿಲ್ಲ. ಹೊಸ ಸದಸ್ಯರ ನೇಮಕಕ್ಕೆ ಅಮೆರಿಕ ಒಪ್ಪದೆ ಪೀಠವೇ ಖಾಲಿಯಾಯಿತು. ಹಾಗಾಗಿ ಇಂದು ಅನ್ಯಾಯವಾಯಿತು ಎಂದು ದೂರಿ ಗೆದ್ದರೂ, ಸೋತವರು ಇಲ್ಲದ ಪೀಠಕ್ಕೆ ಮೇಲ್ಮನವಿ ಹಾಕಿ ವ್ಯಾಜ್ಯವನ್ನು ಕೋಲ್ಡ್ ಸ್ಟೋರೇಜಿನಲ್ಲಿ ಇಡಬಹುದು.

ಕಾಫಿ: ಕಾಡು ಕಡಿದಿಲ್ಲ ಎಂದು ತೋರಿಸುವ ಕಷ್ಟ

ಕರ್ನಾಟಕಕ್ಕೆ ನೇರವಾಗಿ ತಟ್ಟುವ ಕಾನೂನು ಐರೋಪ್ಯ ಒಕ್ಕೂಟದ ಅರಣ್ಯನಾಶ ತಡೆ ನಿಯಮ. ಇದು 2023ರ ಜೂನ್ 29ರಂದು ಅಸ್ತಿತ್ವಕ್ಕೆ ಬಂತು. ಕಾಫಿ, ಕೋಕೋ, ರಬ್ಬರ್, ತಾಳೆ ಎಣ್ಣೆ, ಸೋಯಾ, ದನ, ಮರ ಈ ಏಳು ಮೂಲಸರಕು ಮತ್ತು ಅವುಗಳಿಂದಾದ ಅನೇಕ ವಸ್ತುಗಳು ಇದರ ವ್ಯಾಪ್ತಿಗೆ ಬರುತ್ತವೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಸರಕನ್ನು ಒಕ್ಕೂಟದ ಮಾರುಕಟ್ಟೆಯಲ್ಲಿ ಮಾರುವಂತಿಲ್ಲ. ಜೊತೆಗೆ, ಬೆಳೆದ ದೇಶದ ಭೂಮಿ, ಪರಿಸರ, ಕಾರ್ಮಿಕ ಕಾನೂನುಗಳಿಗೆ ಅನುಸಾರವಾಗಿ ಬೆಳೆದದ್ದು ಎಂದೂ ತೋರಿಸಬೇಕು. ಪ್ರತಿ ತೋಟದ ಅಕ್ಷಾಂಶ, ರೇಖಾಂಶವನ್ನು ದಶಮಾಂಶದ ಆರು ಸ್ಥಾನಗಳವರೆಗೆ ಕೊಡಬೇಕು. ನಾಲ್ಕು ಹೆಕ್ಟೇರ್ ಒಳಗಿನ, ಎಂದರೆ ಹತ್ತಿರ ಹತ್ತಿರ ಹತ್ತು ಎಕರೆಯೊಳಗಿನ ತೋಟಕ್ಕೆ ಒಂದು ಬಿಂದು ಸಾಕು. ಅದಕ್ಕಿಂತ ದೊಡ್ಡದಾದರೆ ಇಡೀ ಗಡಿರೇಖೆ ಬೇಕು. ತಪ್ಪಿದರೆ ಅಲ್ಲಿನ ಆಮದುದಾರನಿಗೆ ಬೀಳುವ ದಂಡ ಅವನ ವಾರ್ಷಿಕ ವಹಿವಾಟಿನ ಶೇ. 4ರವರೆಗೂ, ಅದಕ್ಕೂ ಮೀರಿಯೂ ಹೋಗಬಹುದು.

ಭಾರತದ ಕಾಫಿಯಲ್ಲಿ ಸುಮಾರು ಶೇ. 70 ಬೆಳೆಯುವುದು ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳಲ್ಲಿ. ದೇಶದ ಬೆಳೆಯ ಬಹುಪಾಲು ರಫ್ತಾಗುತ್ತದೆ, ಮೊದಲ ಗಿರಾಕಿ ಇಟಲಿ. ಜರ್ಮನಿ, ಬೆಲ್ಜಿಯಂಗಳೂ ದೊಡ್ಡ ಖರೀದಿದಾರರು. ಬೆಳೆಗಾರರಲ್ಲಿ ಹೆಚ್ಚುಕಡಿಮೆ ಎಲ್ಲರೂ ಹತ್ತು ಹೆಕ್ಟೇರ್ ಒಳಗಿನ ಸಣ್ಣ ಹಿಡುವಳಿದಾರರು. ಶಿವಮೊಗ್ಗ ಜಿಲ್ಲೆಯ ಮಲೆನಾಡು ತಾಲೂಕುಗಳಲ್ಲಿ ಅಡಿಕೆ ಮರದ ನಡುವೆ ಕಾಫಿ ಗಿಡ ಹಾಕುವವರು, ಅಲ್ಲಲ್ಲಿ ರಬ್ಬರ್ ಹಾಕಿದವರು ಇದ್ದಾರೆ. ಅವರ ಚೀಲವೂ ಇದೇ ಲೆಕ್ಕಕ್ಕೆ ಸೇರುತ್ತದೆ.

ಕನ್ನಡನಾಡಿನ ಕಾಫಿ ನೆರಳಿನ ಕಾಫಿ. ಹಲಸು, ಅತ್ತಿ, ಬೀಟೆ, ಮತ್ತಿ, ಸಿಲ್ವರ್ ಓಕ್ ಮರಗಳ ಕೆಳಗೆ ಗಿಡ, ಮರಕ್ಕೆ ಮೆಣಸಿನ ಬಳ್ಳಿ. ಹಕ್ಕಿ, ಜೇನು, ಕಾಡುಪ್ರಾಣಿಗಳಿಗೆ ಇಷ್ಟು ಆಸರೆ ಕೊಡುವ ಕಾಫಿ ತೋಟಗಳು ಜಗತ್ತಿನಲ್ಲಿ ಹೆಚ್ಚಿಲ್ಲ. ನಿಯಮದ ಸೋಜಿಗ ಇರುವುದು ಇಲ್ಲೇ. ಉಪಗ್ರಹ ಮೇಲಿಂದ ನೋಡಿದಾಗ ನೆರಳಿನ ತೋಟ ಕಾಡಿನಂತೆಯೇ ಕಾಣುತ್ತದೆ. 2020ರ ನಕ್ಷೆಯಲ್ಲಿ ಅದು ಕಾಡು ಎಂದು ದಾಖಲಾಗಿ, ಆಮೇಲೆ ಬೆಳೆಗಾರ ಮಳೆಗಾಲಕ್ಕೆ ಮುಂಚೆ ನೆರಳು ತೆಗೆದರೆ ಅಥವಾ ಮುದಿ ಸಿಲ್ವರ್ ಓಕ್ ಕಡಿದರೆ, ನಕ್ಷೆಯ ಭಾಷೆಯಲ್ಲಿ ಅದು ಕಾಡು ಕಡಿದಂತೆ. ಮರವೇ ಇಲ್ಲದ ಬಯಲಿನಲ್ಲಿ ಯಂತ್ರದಿಂದ ಕಾಫಿ ಕೊಯ್ಯುವ ದೊಡ್ಡ ಎಸ್ಟೇಟಿಗೆ ಈ ತೊಂದರೆಯೇ ಇಲ್ಲ. ಅಲ್ಲಿ 2020ರಲ್ಲೂ ಮರವಿರಲಿಲ್ಲ, ಇಂದೂ ಇಲ್ಲ. ಕೃಷಿ ಉಪಯೋಗದಲ್ಲಿರುವ ಮರ ಸಹಿತ ಭೂಮಿ ಕಾಡಲ್ಲ ಎಂದು ಕಾನೂನಿನ ವ್ಯಾಖ್ಯೆಯೇ ಹೇಳುತ್ತದೆ, ನಿಜ. ಆದರೆ ಹಾಗೆಂದು ಸಾಬೀತುಮಾಡುವ ಹೊಣೆ ಮಾರುವವರ ಕಡೆಯದು.

ಎರಡನೆಯ ತೊಡಕು ಪಹಣಿ. ತೋಟ ಮೂರು ಅಣ್ಣತಮ್ಮಂದಿರ ನಡುವೆ ಬಾಯಿಮಾತಿನಲ್ಲಿ ಪಾಲಾಗಿರುತ್ತದೆ, ಪಹಣಿ ತೀರಿಹೋದ ಅಜ್ಜನ ಹೆಸರಿನಲ್ಲೇ ಇರುತ್ತದೆ. ಪೌತಿ ಖಾತೆ ಆಗಿಲ್ಲ, ಪೋಡಿ ಆಗಿಲ್ಲ. ಕೊಡಗಿನ ಜಮ್ಮಾ ಬಾಣೆಯಲ್ಲಿ ಒಂದೇ ದಾಖಲೆಯಲ್ಲಿ ಇಡೀ ಒಕ್ಕದ ಹೆಸರುಗಳಿರುತ್ತವೆ. ಇದಕ್ಕಿಂತ ಕಠಿಣವಾದದ್ದು ಬಗರ್ ಹುಕುಂ ಸಾಗುವಳಿ. ಸರ್ಕಾರಿ ಜಾಗದಲ್ಲಿ ಎರಡು ಮೂರು ತಲೆಮಾರಿನಿಂದ ಉತ್ತು, ಸಕ್ರಮಕ್ಕೆ ಅರ್ಜಿ ಹಾಕಿ ಕಾಯುತ್ತಿರುವ ಕುಟುಂಬಗಳು ಶಿಕಾರಿಪುರ, ಸೊರಬ, ಸಾಗರದಲ್ಲೂ ಇವೆ, ಕಾಫಿ ಜಿಲ್ಲೆಗಳಲ್ಲೂ ಇವೆ. ಕಾಫಿ ಬೆಳೆಗಾರರ ಸ್ವಾಧೀನದಲ್ಲಿರುವ ಸರ್ಕಾರಿ ಭೂಮಿಯನ್ನು ಗುತ್ತಿಗೆಗೆ ಕೊಡಲು ಕರ್ನಾಟಕ ತನ್ನ ಭೂಕಂದಾಯ ಕಾಯ್ದೆಯನ್ನು ತಿದ್ದಿದೆ. ಅದು ಕಾಗದದಲ್ಲಿ ಇತ್ಯರ್ಥವಾಗುವವರೆಗೆ ಆ ತೋಟದ ಬೀಜವನ್ನು "ದೇಶದ ಕಾನೂನಿಗೆ ಅನುಸಾರವಾಗಿ ಬೆಳೆದದ್ದು" ಎನ್ನಲು ಬರುತ್ತದೆಯೇ? ತಾಲೂಕು ಕಚೇರಿಯಲ್ಲಿ ದಶಕಗಳಿಂದ ಇತ್ಯರ್ಥವಾಗದ ಪ್ರಶ್ನೆಗೆ ಬ್ರಸೆಲ್ಸ್‌ನ ಕಾನೂನು ದಿನಾಂಕ ಗೊತ್ತುಮಾಡಿ ಉತ್ತರ ಕೇಳುತ್ತಿದೆ.

ಬೆಂಗಳೂರಿನ ಕಾಫಿ ಮಂಡಳಿ ಬೆಳೆಗಾರರ ನೋಂದಣಿಗೂ ತೋಟದ ಸ್ಥಳ ಗುರುತಿಸುವುದಕ್ಕೂ ಮೊಬೈಲ್ ಆ್ಯಪ್ ಸಿದ್ಧಪಡಿಸಿದೆ. ರಬ್ಬರ್ ಮಂಡಳಿಯೂ ಇಂಥದೇ ವ್ಯವಸ್ಥೆ ಮಾಡಿದೆ. 2025ರ ಮೇ ತಿಂಗಳಲ್ಲಿ ಒಕ್ಕೂಟವು ದೇಶಗಳನ್ನು ಮೂರು ದರ್ಜೆಗೆ ಹಂಚಿದಾಗ ಭಾರತ ಕಡಿಮೆ ಅಪಾಯದ ದೇಶಗಳ ಸಾಲಿಗೆ ಸೇರಿತು. ಇದರ ಪ್ರಯೋಜನವೇನೆಂದರೆ, ಕಡಿಮೆ ಅಪಾಯದ ದೇಶದ ಸರಕು ತರುವವರಲ್ಲಿ ವರ್ಷಕ್ಕೆ ಶೇ. 1ರಷ್ಟು ಮಂದಿಯ ತಪಾಸಣೆಯಾದರೆ ಸಾಕು, ಹೆಚ್ಚು ಅಪಾಯದ ದೇಶದ್ದಾದರೆ ಶೇ. 9. ಆಮದುದಾರ ಅಪಾಯದ ಮೌಲ್ಯಮಾಪನ ಮಾಡಬೇಕಿಲ್ಲ. ಆದರೆ ತೋಟದ ಸ್ಥಳದ ಅಂಕಿಗಳಿಂದ ಬಿಡುಗಡೆ ಇಲ್ಲ.

ಇಥಿಯೋಪಿಯಾದ ಸಣ್ಣ ರೈತರ ಮುಂದೆ ಇದೇ ಪ್ರಶ್ನೆ ಇನ್ನೂ ದೊಡ್ಡದಾಗಿ ನಿಂತಿದೆ. ಅಲ್ಲಿ ಲಕ್ಷಾಂತರ ಹಿಡುವಳಿಗಳು ಒಂದೆರಡು ಎಕರೆಯವು, ಮಂಡಳಿಗಳ ಬಲವೂ ಕಡಿಮೆ. ಕೊಳ್ಳುವವನು ಕಾಗದ ಸರಿಯಿರುವ ದೊಡ್ಡ ಎಸ್ಟೇಟಿನ ಕಡೆಗೆ ತಿರುಗಿಬಿಟ್ಟರೆ ಒಂದು ಮರವೂ ಉಳಿಯದೆ ಸಣ್ಣವನ ಮಾರುಕಟ್ಟೆ ಮಾತ್ರ ಹೋಗುತ್ತದೆ.

ಸೊರಬದ ಕಾನು ಮತ್ತು ಭದ್ರಾವತಿಯ ಇದ್ದಿಲು

ಹಾಗೆಂದು ಕಾಡಿನ ಬಗ್ಗೆ ಕೇಳುವುದೇ ತಪ್ಪು ಎನ್ನುವಂತಿಲ್ಲ. 1990ರಿಂದ 2020ರವರೆಗೆ ಜಗತ್ತಿನಲ್ಲಿ ಸುಮಾರು 42 ಕೋಟಿ ಹೆಕ್ಟೇರ್ ಕಾಡು ಬೇರೆ ಉಪಯೋಗಕ್ಕೆ ಹೋಯಿತೆಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಲೆಕ್ಕ ಹಾಕಿದೆ. ಅದರಲ್ಲಿ ಒಂದು ಪಾಲು ಹೊರದೇಶದ ಮಾರುಕಟ್ಟೆಗಾಗಿ ಬೆಳೆದ ಬೆಳೆಗಳದ್ದು.

ಸೊರಬ ತಾಲೂಕಿಗೆ ಇದು ಹೊರಗಿನ ಕಥೆಯಲ್ಲ. ಇಲ್ಲಿನ ಕಾನುಗಳು, ಎಂದರೆ ಊರವರು ದೇವರ ಹೆಸರಿನಲ್ಲಿ ಕಾಪಾಡಿಕೊಂಡು ಬಂದ ನಿತ್ಯಹಸಿರಿನ ದಟ್ಟ ತೋಪುಗಳು, ಒಂದು ಕಾಲಕ್ಕೆ ನೂರಕ್ಕೂ ಮೀರಿ ಇದ್ದವು. ಕಾನಿನೊಳಗೆ ಮೆಣಸಿನ ಬಳ್ಳಿ, ಬೈನೆ ಮರ, ಉಪ್ಪಾಗೆ. ಅದರ ಕೆಳಗೆ ಹುಟ್ಟುವ ನೀರು ಗದ್ದೆಗೆ. ಭಾರತದ ಮೊದಲ ಅರಣ್ಯ ಮಹಾನಿರೀಕ್ಷಕ ಡೀಟ್ರಿಕ್ ಬ್ರಾಂಡಿಸ್ 1868ರಲ್ಲಿ ಗ್ರ್ಯಾಂಟ್ ಜೊತೆ ಸೇರಿ ಸೊರಬದ ಕಾನುಗಳ ಬಗ್ಗೆಯೇ ಪ್ರತ್ಯೇಕ ವರದಿ ಬರೆದ. ಮುಂದೆ ಕಾನುಗಳ ಮೇಲೆ ಸರ್ಕಾರದ ಹಿಡಿತ ಬಿಗಿಯಾದ ಹಾಗೆ ಊರವರ ಹಿಡಿತ ಸಡಿಲಾಯಿತು, ಕಾನುಗಳೂ ಕರಗಿದವು. ಪಕ್ಕದ ಭದ್ರಾವತಿಯಲ್ಲಿ 1923ರಲ್ಲಿ ಉತ್ಪಾದನೆ ಆರಂಭಿಸಿದ ಮೈಸೂರು ಕಬ್ಬಿಣದ ಕಾರ್ಖಾನೆಯ ಕುಲುಮೆ ಉರಿದದ್ದು ಮಲೆನಾಡಿನ ಮರದ ಇದ್ದಿಲಿನಿಂದ. ಯುರೋಪು ತನ್ನ ಕಾಡನ್ನು ಕಡಿದು ಉಕ್ಕು ಮಾಡಿದ್ದು ಅದಕ್ಕೂ ಶತಮಾನಗಳ ಹಿಂದೆ. 2020ರ ಡಿಸೆಂಬರ್ 31 ಎಂಬ ಗೆರೆ ಎಳೆದಾಗ ಗೆರೆಯ ಹಿಂದಿನದು ಎಲ್ಲರಿಗೂ ಮಾಫಿ. ಮೊದಲೇ ಕಡಿದು ಮುಗಿಸಿದವರಿಗೆ ಈ ಮಾಫಿಯಿಂದ ಆಗುವ ಲಾಭ, ಇನ್ನೂ ಉಳಿಸಿಕೊಂಡವರಿಗಿಂತ ದೊಡ್ಡದು.

ಶುಂಠಿ ಕಣದ ಲೆಕ್ಕ

ಅರಣ್ಯ ನಿಯಮದ ಪಟ್ಟಿಯಲ್ಲಿ ಶುಂಠಿ ಇಲ್ಲ. ಮೆಣಸೂ ಇಲ್ಲ, ಅಡಿಕೆಯೂ ಇಲ್ಲ. ಶಿರಾಳಕೊಪ್ಪದ ಸುತ್ತಿನ ಶುಂಠಿಗೆ ಹೊರದೇಶದ ನಿಯಮ ತಾಗುವುದು ಬೇರೆ ದಾರಿಯಿಂದ, ಕೀಟನಾಶಕದ ಉಳಿಕೆಯ ಮಿತಿಯಿಂದ.

ಐರೋಪ್ಯ ಒಕ್ಕೂಟ ತನ್ನಲ್ಲಿ ಅನುಮತಿ ಇಲ್ಲದ ಔಷಧಗಳಿಗೆ ಅನೇಕ ಆಹಾರ ಪದಾರ್ಥಗಳಲ್ಲಿ ಕಿಲೋಗೆ 0.01 ಮಿಲಿಗ್ರಾಂ ಮಿತಿ ಇಡುತ್ತದೆ. ಹತ್ತು ಕೋಟಿ ಪಾಲಿನಲ್ಲಿ ಒಂದು ಪಾಲು. 100 ಟನ್ ಸರಕಿನಲ್ಲಿ ಒಂದು ಗ್ರಾಂ. ವಿಷ ಎಷ್ಟು ಸೇರಿದರೆ ಅಪಾಯ ಎಂಬ ಲೆಕ್ಕದಿಂದ ಈ ಅಂಕಿ ಬಂದದ್ದಲ್ಲ. ಪ್ರಯೋಗಾಲಯದ ಯಂತ್ರ ಖಚಿತವಾಗಿ ಅಳೆಯಬಲ್ಲ ಅತಿ ಕಡಿಮೆ ಪ್ರಮಾಣದ ಹತ್ತಿರದ್ದು. ಮಸಾಲೆ ಪದಾರ್ಥಗಳಿಗೆ ಮಿತಿ ಸ್ವಲ್ಪ ಸಡಿಲವಿದ್ದರೂ ತತ್ವ ಅದೇ.

ಶುಂಠಿಯ ವ್ಯಾಪಾರ ನಡೆಯುವ ಬಗೆ ನೋಡಿದರೆ ಇದರ ಭಾರ ತಿಳಿಯುತ್ತದೆ. ಕೊಳೆ ರೋಗದ ಭಯದಿಂದ ಒಂದೇ ಹೊಲದಲ್ಲಿ ವರ್ಷವರ್ಷವೂ ಶುಂಠಿ ಹಾಕುವುದಿಲ್ಲ. ಬೆಳೆಯುವವರು, ಕೇರಳದಿಂದ ಬಂದವರೂ ಸ್ಥಳೀಯರೂ, ಹೊಸ ಹೊಸ ಜಮೀನನ್ನು ಗುತ್ತಿಗೆಗೆ ಹಿಡಿಯುತ್ತಾರೆ. ಹಿಂದಿನ ವರ್ಷ ಆ ನೆಲದಲ್ಲಿ ಮೆಕ್ಕೆಜೋಳಕ್ಕೋ ಭತ್ತಕ್ಕೋ ಏನು ಹೊಡೆದಿದ್ದರು ಎಂಬುದು ಗುತ್ತಿಗೆದಾರನಿಗೆ ಗೊತ್ತಿರುವುದಿಲ್ಲ. ಕಿತ್ತ ಶುಂಠಿ 60 ಕಿಲೋ ಚೀಲದ ಲೆಕ್ಕದಲ್ಲಿ ಕೈ ಬದಲಾಗುತ್ತದೆ. ಒಣಶುಂಠಿ ಮಾಡುವ ಕಣಕ್ಕೆ ಬಂದಾಗ ಹತ್ತಾರು ರೈತರ ಸರಕು ಒಂದೇ ರಾಶಿ. ನಾಲ್ಕೈದು ಕಿಲೋ ಹಸಿಶುಂಠಿ ಒಣಗಿ ಒಂದು ಕಿಲೋ ಆಗುವಾಗ ನೀರು ಆರಿಹೋಗುತ್ತದೆ, ಆರಿಹೋಗದ ಔಷಧದ ಉಳಿಕೆ ಮಾತ್ರ ಕಿಲೋ ಲೆಕ್ಕದಲ್ಲಿ ಹೆಚ್ಚಾಗುತ್ತದೆ. ಕಾನೂನು ಈ ಒಣಗಿಸುವಿಕೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲು ಅವಕಾಶ ಕೊಡುತ್ತದೆ, ಆದರೆ ಅದಕ್ಕೂ ದಾಖಲೆ ಬೇಕು. ಹತ್ತಾರು ಜನರಲ್ಲಿ ಒಬ್ಬ ಕೀಳುವ ವಾರವೇ ಔಷಧ ಹೊಡೆದಿದ್ದರೆ ಇಡೀ ರಾಶಿ ಪರೀಕ್ಷೆಯಲ್ಲಿ ಬೀಳಬಹುದು. ಬಿದ್ದರೆ ಯಾರ ಶುಂಠಿಯಿಂದ ಎಂದು ಹುಡುಕಲು ದಾರಿಯೇ ಇಲ್ಲ. ರಫ್ತುದಾರ ನಷ್ಟವನ್ನು ಮುಂದಿನ ಖರೀದಿಯ ದರದಲ್ಲಿ ಕಳೆಯುತ್ತಾನೆ. ಆ ಕಡಿತ ಔಷಧ ಹೊಡೆದವನಿಗೂ ಹೊಡೆಯದವನಿಗೂ ಒಂದೇ.

ಬಾಸ್ಮತಿಯಲ್ಲಿ ಇದು ಈಗಾಗಲೇ ನಡೆದುಹೋದ ಸಂಗತಿ. ಭತ್ತದ ಬೆಂಕಿ ರೋಗಕ್ಕೆ ಮಲೆನಾಡಿನಲ್ಲೂ ಬಳಸುವ ಟ್ರೈಸೈಕ್ಲಜೋಲ್ ಎಂಬ ಶಿಲೀಂಧ್ರನಾಶಕದ ಮಿತಿಯನ್ನು ಒಕ್ಕೂಟ 2017ರಲ್ಲಿ ಕಿಲೋಗೆ 1 ಮಿಲಿಗ್ರಾಂನಿಂದ 0.01ಕ್ಕೆ ಇಳಿಸಿತು. ಬಾಸ್ಮತಿಗೆ ಇದು 2018ರ ಆರಂಭದಿಂದ ಜಾರಿಯಾಯಿತು. ಭಾರತದ ರಫ್ತಿಗೆ ಪೆಟ್ಟು ಬಿತ್ತು, ಪಾಕಿಸ್ತಾನದ ಬಾಸ್ಮತಿ ಆ ಜಾಗಕ್ಕೆ ನುಗ್ಗಿತು. ಆಮೇಲೆ ಪಂಜಾಬ್ ಸರ್ಕಾರ ಬಾಸ್ಮತಿ ತೆನೆ ಕಟ್ಟುವ ಹೊತ್ತಿಗೆ ಇಂಥ ಕೆಲವು ಔಷಧಗಳ ಮಾರಾಟವನ್ನೇ 60 ದಿನ ನಿಲ್ಲಿಸುವ ಪದ್ಧತಿ ತಂದಿತು. ಒಂದು ರಾಜ್ಯದ ರೈತರೆಲ್ಲ ಒಂದೇ ಬೆಳೆ, ಒಂದೇ ಮಾರುಕಟ್ಟೆ ನಂಬಿದ್ದಾಗ ಅದು ಸಾಧ್ಯವಾಯಿತು. ಶುಂಠಿ, ಭತ್ತ, ಮೆಕ್ಕೆಜೋಳ, ಅಡಿಕೆ ಒಂದರ ಪಕ್ಕ ಒಂದು ಇರುವ ಶಿಕಾರಿಪುರದಂಥ ತಾಲೂಕಿನಲ್ಲಿ ಅಷ್ಟು ಸುಲಭವಲ್ಲ.

ಮುಂದಿನ ಹೆಜ್ಜೆ ಇನ್ನೂ ಕುತೂಹಲದ್ದು. ಕ್ಲೋಥಿಯಾನಿಡಿನ್, ಥಯಾಮೆಥಾಕ್ಸಾಮ್ ಎಂಬ ಎರಡು ಕೀಟನಾಶಕಗಳ ಉಳಿಕೆ ಮಿತಿಯನ್ನು ಒಕ್ಕೂಟ 2023ರಲ್ಲಿ ಇಳಿಸಿತು, ಜಾರಿ 2026ರ ಮಾರ್ಚಿನಿಂದ. ಕಾರಣ ತಿನ್ನುವವರ ಆರೋಗ್ಯವಲ್ಲ, ಜೇನುಹುಳು. ಈ ಔಷಧಗಳಿಂದ ಜೇನುಹುಳುಗಳಿಗೆ ಆಗುವ ಹಾನಿ ಜಗತ್ತಿಗೆಲ್ಲ ಸೇರಿದ ಹಾನಿ, ಆದ್ದರಿಂದ ಬೇರೆ ದೇಶದಲ್ಲಿ ಬಳಸಿದರೂ ಆ ಸರಕು ಬೇಡ ಎಂಬುದು ವಾದ. ಆಹಾರ ಸುರಕ್ಷತೆಯ ನಿಯಮವನ್ನು ಪರದೇಶದ ಪರಿಸರ ಕಾಯಲು ಬಳಸಿದ್ದು ಇದೇ ಮೊದಲು. ಥಯಾಮೆಥಾಕ್ಸಾಮ್ ಭಾರತದ ಗದ್ದೆ ತೋಟಗಳಲ್ಲಿ ಧಾರಾಳವಾಗಿ ಬಳಕೆಯಲ್ಲಿದೆ.

ಚಿಕ್ಕ ಜೀವಿಯ ಹಿಂಸೆಯನ್ನೂ ಎಣಿಸಿ ನಡೆಯುವ ಸಂಪ್ರದಾಯದವರಿಗೆ ಈ ವಾದ ಒಪ್ಪಿಗೆಯಾಗದೆ ಇರದು. ತುಡುವೆ, ಹೆಜ್ಜೇನು ಇಲ್ಲದಿದ್ದರೆ ರೊಬಸ್ಟಾ ಕಾಫಿಯ ಕಾಯಿ ಕಟ್ಟುವಿಕೆಗೂ ತೊಂದರೆ. ಆದರೆ ಇದೇ ಒಕ್ಕೂಟದ ಕಾರ್ಖಾನೆಗಳು ತಮ್ಮ ನೆಲದಲ್ಲಿ ಬಳಕೆಗೆ ನಿಷೇಧವಿರುವ ಕೀಟನಾಶಕಗಳನ್ನು ತಯಾರಿಸಿ ಬೇರೆ ದೇಶಗಳಿಗೆ ಕಳಿಸುತ್ತಾ ಬಂದಿವೆ. ಡಬ್ಬಿ ಹೋಗಬಹುದು, ಡಬ್ಬಿಯಿಂದ ಹೊಡೆದ ಬೆಳೆ ಬರಬಾರದು. ಜೇನುಹುಳುವಿನ ಮೇಲಿನ ಕರುಣೆಗೆ ಇದನ್ನು ಹೊಂದಿಸುವುದು ಕಷ್ಟ.

ಪಡ್ರೆಯ ಅನುಭವ

ಹೊರಗಿನ ನಿಯಮವೆಂದರೆ ವ್ಯಾಪಾರದ ಪಿತೂರಿ ಎಂದು ತಳ್ಳಿಹಾಕುವುದೂ ಕನ್ನಡಿಗರಿಗೆ ಒಮ್ಮೆ ದುಬಾರಿಯಾಗಿದೆ. ಕಾಸರಗೋಡು ಜಿಲ್ಲೆಯಲ್ಲಿ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್‌ನ ಗೇರು ತೋಟಗಳ ಮೇಲೆ 1970ರ ದಶಕದಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಲಾಯಿತು. ಎಣ್ಮಕಜೆ ಪಂಚಾಯಿತಿಯ ಪಡ್ರೆ, ಸ್ವರ್ಗದಂಥ ಹಳ್ಳಿಗಳಲ್ಲಿ ಮಕ್ಕಳು ಅಂಗವೈಕಲ್ಯ, ಬುದ್ಧಿಮಾಂದ್ಯದೊಂದಿಗೆ ಹುಟ್ಟಿದರು. ಪತ್ರಕರ್ತ ಶ್ರೀ ಪಡ್ರೆ, ಅಲ್ಲಿನ ವೈದ್ಯ ಡಾ. ಮೋಹನಕುಮಾರ್ ಇದನ್ನು ಹೊರಜಗತ್ತಿಗೆ ತಿಳಿಸಿದರು. ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ, ನಿಡ್ಲೆಯಲ್ಲೂ ಅದೇ ಔಷಧ, ಅದೇ ಸಂಕಟ.

ಆಗ ಎಂಡೋಸಲ್ಫಾನ್ ತಯಾರಿಕೆಯಲ್ಲಿ ಭಾರತವೇ ಜಗತ್ತಿನಲ್ಲಿ ಮುಂದು. ಸ್ಟಾಕ್‌ಹೋಮ್ ಒಪ್ಪಂದದಡಿ ಅದನ್ನು ನಿಷೇಧಿಸಬೇಕೆಂದು ಐರೋಪ್ಯ ಒಕ್ಕೂಟ ಒತ್ತಾಯಿಸಿದಾಗ, ತನ್ನ ದುಬಾರಿ ಔಷಧಗಳನ್ನು ಮಾರಲು ಯುರೋಪು ಹೂಡಿದ ಆಟ ಇದು ಎಂಬ ಮಾತು ಇಲ್ಲಿನ ತಯಾರಕರಿಂದ ಬಂತು, ದೆಹಲಿಯೂ ವಿರೋಧಿಸಿತು. 2011ರ ಫೆಬ್ರವರಿಯಲ್ಲಿ ಕರ್ನಾಟಕ ನಿಷೇಧ ಹೇರಿತು, ಏಪ್ರಿಲಿನಲ್ಲಿ ಜಿನೀವಾದಲ್ಲಿ ಭಾರತ ವಿನಾಯಿತಿಗಳೊಂದಿಗೆ ಒಪ್ಪಿಕೊಂಡಿತು, ಮೇ 13ರಂದು ಸುಪ್ರೀಂ ಕೋರ್ಟ್ ದೇಶದಾದ್ಯಂತ ತಡೆ ಕೊಟ್ಟಿತು. ತಯಾರಕರು ಹೇಳಿದ ಪಿತೂರಿಯ ಮಾತಿನಲ್ಲಿ ಸ್ವಲ್ಪ ಸತ್ಯ ಇದ್ದಿರಲೂಬಹುದು. ಪಡ್ರೆಯ ತಾಯಂದಿರಿಗೆ ಅದರಿಂದ ಯಾವ ವ್ಯತ್ಯಾಸವೂ ಆಗುತ್ತಿರಲಿಲ್ಲ. 1990ರ ದಶಕದಲ್ಲಿ ಜರ್ಮನಿ ಕೆಲವು ಅಜೋ ಬಣ್ಣಗಳನ್ನು ಬಟ್ಟೆಯಲ್ಲಿ ನಿಷೇಧಿಸಿದಾಗಲೂ ಮೊದಲು ಕೂಗೆದ್ದಿತು, 1997ರಲ್ಲಿ ಭಾರತವೇ ಅವುಗಳನ್ನು ನಿಷೇಧಿಸಿತು. ಬಣ್ಣದ ತೊಟ್ಟಿಯಲ್ಲಿ ಕೈಯದ್ದುವ ಕಾರ್ಮಿಕರಿಗೆ ಅದರಿಂದ ಒಳ್ಳೆಯದೇ ಆಯಿತು.

ಉಕ್ಕಿನ ಮೇಲಿನ ಇಂಗಾಲದ ಬೆಲೆ

ಗಡಿಯಲ್ಲಿ ಇಂಗಾಲದ ಬೆಲೆ ಕಟ್ಟಿಸಿಕೊಳ್ಳುವ ಐರೋಪ್ಯ ವ್ಯವಸ್ಥೆಯನ್ನು ಪತ್ರಿಕೆಗಳು ಸಿಬಿಎಎಂ ಎಂದು ಕರೆಯುತ್ತವೆ. ಉಕ್ಕು, ಅಲ್ಯೂಮಿನಿಯಂ, ಸಿಮೆಂಟ್, ಗೊಬ್ಬರ, ಜಲಜನಕ, ವಿದ್ಯುತ್ ಇದರ ವ್ಯಾಪ್ತಿಯಲ್ಲಿವೆ. 2023ರ ಅಕ್ಟೋಬರ್ 1ರಿಂದ ಲೆಕ್ಕ ಒಪ್ಪಿಸುವ ಹಂತ ನಡೆಯಿತು, 2026ರ ಜನವರಿ 1ರಿಂದ ಹಣದ ಹೊಣೆ ಶುರು. ಒಕ್ಕೂಟದೊಳಗಿನ ಕಾರ್ಖಾನೆಗಳಿಗೆ ಕೊಡುತ್ತಿದ್ದ ಉಚಿತ ಪರವಾನಗಿಗಳು ಇಳಿದಷ್ಟೇ ಹೊರಗಿನವರ ಮೇಲಿನ ಭಾರ ಏರುತ್ತದೆ: 2026ರಲ್ಲಿ ಶೇ. 2.5, 2030ರಲ್ಲಿ ಶೇ. 48.5, 2034ರಲ್ಲಿ ಪೂರ್ತಿ. ಭಾರತದಲ್ಲಿ ಒಂದು ಟನ್ ಉಕ್ಕಿಗೆ ಸರಾಸರಿ ಸುಮಾರು 2.5 ಟನ್ ಇಂಗಾಲದ ಡೈಆಕ್ಸೈಡ್ ಹೊಮ್ಮುತ್ತದೆ, ಜಗತ್ತಿನ ಸರಾಸರಿ 1.9ರ ಆಸುಪಾಸು. ಬಳ್ಳಾರಿ ಸೀಮೆಯ ತೋರಣಗಲ್ಲಿನಂಥ ದೊಡ್ಡ ಸ್ಥಾವರಗಳಿಗೆ ಲೆಕ್ಕಪತ್ರ ಇಡುವ ತಂಡಗಳಿವೆ. ಬೋಲ್ಟು, ನಟ್ಟು, ಕೊಳವೆಯ ಜೋಡಿಕೆ ಮಾಡುವ ಸಣ್ಣ ಕಾರ್ಖಾನೆಗೆ ತಾನು ಕೊಂಡ ಕಬ್ಬಿಣ ಎಲ್ಲಿ, ಹೇಗೆ ಕರಗಿತು ಎಂದು ತಿಳಿಯುವುದೇ ಕಷ್ಟ. ವರ್ಷಕ್ಕೆ 50 ಟನ್‌ಗಿಂತ ಕಡಿಮೆ ತರಿಸುವ ಆಮದುದಾರರಿಗೆ ಈಗ ವಿನಾಯಿತಿ ಸಿಕ್ಕಿದೆ.

ತಯಾರಾದ ದೇಶದಲ್ಲೇ ಇಂಗಾಲಕ್ಕೆ ಬೆಲೆ ಕಟ್ಟಿದ್ದರೆ ಅದನ್ನು ಕಳೆಯಬಹುದು. ಭಾರತ 2023ರ ಜೂನ್‌ನಲ್ಲಿ ಇಂಗಾಲದ ಕ್ರೆಡಿಟ್ ವ್ಯಾಪಾರದ ಯೋಜನೆ ಪ್ರಕಟಿಸಿದ್ದಕ್ಕೆ ಇದೂ ಒಂದು ಕಾರಣ. ಯುರೋಪಿಗೆ ಕಟ್ಟುವ ಹಣ ಇಲ್ಲೇ ಉಳಿದರೆ ಕನಿಷ್ಠ ಇಲ್ಲಿನ ಕುಲುಮೆ ಬದಲಿಸಲು ಬಂದೀತು.

1992ರ ರಿಯೊ ಸಮ್ಮೇಳನದಲ್ಲಿ ಎಲ್ಲ ದೇಶಗಳೂ ಒಪ್ಪಿದ ತತ್ವವೊಂದಿದೆ: ಹೊಣೆ ಎಲ್ಲರದು, ಆದರೆ ಸಮನಲ್ಲ. ತಲಾವಾರು ಇಂಗಾಲದ ಡೈಆಕ್ಸೈಡ್ ಲೆಕ್ಕದಲ್ಲಿ ಭಾರತೀಯನ ಪಾಲು ವರ್ಷಕ್ಕೆ ಸುಮಾರು 2 ಟನ್, ಐರೋಪ್ಯ ಒಕ್ಕೂಟದವನದ್ದು ಅದರ ಎರಡು ಪಟ್ಟಿಗೂ ಹೆಚ್ಚು. ಬಡದೇಶಗಳಿಗೆ 2020ರ ಹೊತ್ತಿಗೆ ವರ್ಷಕ್ಕೆ 10,000 ಕೋಟಿ ಡಾಲರ್ ಹವಾಮಾನ ನೆರವು ಒದಗಿಸುತ್ತೇವೆಂದು 2009ರಲ್ಲಿ ಕೊಟ್ಟ ಮಾತು, ಶ್ರೀಮಂತ ದೇಶಗಳದೇ ಲೆಕ್ಕದ ಪ್ರಕಾರ, ಈಡೇರಿದ್ದು 2022ರಲ್ಲಿ. ಗಡಿಯಲ್ಲಿ ವಸೂಲಾಗುವ ಇಂಗಾಲದ ಹಣವನ್ನು ಆ ದೇಶಗಳಿಗೇ ಹಿಂದಿರುಗಿಸಬೇಕೆಂಬ ಕಟ್ಟುಪಾಡು ಕಾನೂನಿನಲ್ಲಿಲ್ಲ. 2024ರ ಬಾಕು ಹವಾಮಾನ ಸಮ್ಮೇಳನದಲ್ಲಿ ಭಾರತ, ಚೀನಾ, ಬ್ರೆಜಿಲ್, ದಕ್ಷಿಣ ಆಫ್ರಿಕಾ ಈ ಏಕಪಕ್ಷೀಯ ಕ್ರಮಗಳನ್ನು ಚರ್ಚೆಗೆ ತರಲು ಯತ್ನಿಸಿದವು. ಅಲ್ಯೂಮಿನಿಯಂ ಅನ್ನು ದೊಡ್ಡದಾಗಿ ಯುರೋಪಿಗೆ ಮಾರುತ್ತಿದ್ದ ಮೊಜಾಂಬಿಕ್‌ನಂಥ ಬಡದೇಶಕ್ಕೂ ಈ ನಿಯಮದಲ್ಲಿ ರಿಯಾಯಿತಿ ಇಲ್ಲ.

ಈಗ ಮಾಡಬಹುದಾದದ್ದು

ದೆಹಲಿ, ಬ್ರಸೆಲ್ಸ್‌ಗಳ ಮಾತುಕತೆ ಎಂದು ಮುಗಿಯುತ್ತದೋ, ಬೆಳೆಗಾರನ ಕೈಯಲ್ಲಿರುವುದು ಕಡಿಮೆ. ಆದರೂ ಶೂನ್ಯವಲ್ಲ. ಅಜ್ಜನ ಹೆಸರಿನ ಪಹಣಿಗೆ ಪೌತಿ ಖಾತೆ, ಪೋಡಿ ಮಾಡಿಸುವುದು ಯಾವ ವಿದೇಶಿ ನಿಯಮ ಇಲ್ಲದಿದ್ದರೂ ಬೇಕಾದ ಕೆಲಸ. ಕಾಫಿ ಇದ್ದವರು, ಅಡಿಕೆಯ ನಡುವೆ ಅರ್ಧ ಎಕರೆ ಇದ್ದರೂ, ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. ನೆರಳು ತೆಗೆಯುವ ಮುಂಚೆ ದಿನಾಂಕ ಇರುವ ಫೋಟೋ ತೆಗೆದಿಡುವುದು ಒಳ್ಳೆಯದು. ಶುಂಠಿಯವರು ಯಾವ ದಿನ ಯಾವ ಔಷಧ ಎಷ್ಟು ಹೊಡೆದೆವು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು, ಡಬ್ಬಿಯ ಮೇಲೆ ಬರೆದ ಕಾಯುವ ದಿನಗಳು ಕಳೆಯುವವರೆಗೆ ಕೀಳಬಾರದು. ಗುತ್ತಿಗೆ ಕೊಡುವಾಗ ಹಿಂದಿನ ವರ್ಷದ ಔಷಧದ ವಿವರವನ್ನು ಮಾತಿನಲ್ಲಾದರೂ ತಿಳಿಸಬೇಕು. ಕಣದವರು ಹೀಗೆ ಲೆಕ್ಕ ಇಟ್ಟವರ ಸರಕನ್ನು ಬೇರೆ ರಾಶಿ ಹಾಕಿ, ಆ ರಾಶಿಗೆ ಚೀಲಕ್ಕಿಷ್ಟು ಎಂದು ಹೆಚ್ಚು ಕೊಡದಿದ್ದರೆ ಮಾತ್ರ ಯಾವ ರೈತನೂ ಎರಡನೆಯ ವರ್ಷ ನೋಟ್‌ಬುಕ್ ತೆರೆಯುವುದಿಲ್ಲ. ಸಮುದಾಯದಲ್ಲಿ ಮಂಡಿ, ಕಮಿಷನ್ ವ್ಯಾಪಾರ ನಡೆಸುವ ಮನೆತನಗಳು ಗಮನಿಸಬೇಕಾದ ಅಂಶ ಇದು. ಲೆಕ್ಕ ಇಡುವ ಖರ್ಚನ್ನು ಹೊರುವ ಶಕ್ತಿ ಈ ಸರಪಳಿಯಲ್ಲಿ ರೈತನಿಗಿಂತ ಅವರಿಗೆ ಹೆಚ್ಚು.

ಅರಣ್ಯ ನಿಯಮದ ಜಾರಿಯನ್ನು ಒಕ್ಕೂಟ ಎರಡು ಬಾರಿ ಮುಂದಕ್ಕೆ ಹಾಕಿದೆ. 2024ರ ಡಿಸೆಂಬರ್ 30 ಇದ್ದದ್ದು ಒಂದು ವರ್ಷ ಮುಂದೆ ಹೋಯಿತು. 2025ರ ಡಿಸೆಂಬರಿನಲ್ಲಿ ಮತ್ತೆ ಒಂದು ವರ್ಷ. ಮೊದಲೇ ಖರ್ಚು ಮಾಡಿ ತೋಟದ ನಕ್ಷೆ ಮಾಡಿಸಿಕೊಂಡವರಿಗೆ ಈ ಮುಂದೂಡಿಕೆಯಿಂದ ಬೇಸರವೇ ಆಯಿತು. ಈಗಿನ ನಿಗದಿಯಂತೆ ದೊಡ್ಡ ಮತ್ತು ಮಧ್ಯಮ ಆಮದುದಾರರಿಗೆ 2026ರ ಡಿಸೆಂಬರ್ 30, ಸಣ್ಣವರಿಗೆ 2027ರ ಜೂನ್ 30. ಮಲೆನಾಡಿನ ಪಂಚಾಂಗದಲ್ಲಿ ಹೇಳುವುದಾದರೆ, 2026ರ ಹೂಮಳೆಗೆ ಕಟ್ಟಿದ ರೊಬಸ್ಟಾ ಕಾಯಿ ಹಣ್ಣಾಗಿ, ಒಣಗಿ, 2027ರ ಆರಂಭದಲ್ಲಿ ಚೀಲ ತುಂಬುವಾಗ ಆ ಚೀಲದ ಜೊತೆ ತೋಟದ ಅಕ್ಷಾಂಶ, ರೇಖಾಂಶವೂ ಹೋಗಬೇಕಾಗುತ್ತದೆ.